ಹಳೆಯ ಕಾರು, ಮಂದ ದೀಪ: ತಪಾಸಣೆಗೆ ಮೊದಲು ಮನೆಯಲ್ಲೊಂದು ತಪಾಸಣೆ

ಹಳೆಯ ಕಾರನ್ನು ಜತನದಿಂದ ಉಳಿಸಿಕೊಂಡು ಬಂದ ಮನೆಗಳು ಕಾಗವಾಡ, ಶೇಡಬಾಳ, ಉಗಾರ, ಐನಾಪುರಗಳ ಕಡೆ ಇನ್ನೂ ಇವೆ. ಒಂದು ಮನೆಯಲ್ಲಿ ಪ್ರೀಮಿಯರ್ ಪದ್ಮಿನಿ, ಇನ್ನೊಂದರಲ್ಲಿ ಅಂಬಾಸಡರ್, ತೋಟದ ಮನೆಯ ತಗಡಿನ ಶೆಡ್ಡಿನಲ್ಲಿ ಒಂದು ಜೀಪು. ಇವುಗಳಲ್ಲಿ ಯಾವುದೂ ಈಗ ಹೊಸದಾಗಿ ತಯಾರಾಗುವುದಿಲ್ಲ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಮುಂಬಯಿಯ ಕುರ್ಲಾದಲ್ಲಿ ಹುಟ್ಟಿದ ಕಾರು 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಆದ್ದರಿಂದ ಈಗ ಇರುವುದನ್ನು ಉಳಿಸಿಕೊಳ್ಳುವುದೊಂದೇ ದಾರಿ. ಉಳಿಸಿಕೊಳ್ಳಬೇಕಾದರೆ ಅದು ತಪಾಸಣೆಯಲ್ಲಿ ತೇರ್ಗಡೆಯಾಗಬೇಕು.

ಕಾನೂನಿನ ಮಾತನ್ನು ಮೊದಲು ಹೇಳಿಬಿಡೋಣ. 1988ರ ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನ ಪ್ರಕಾರ ಸ್ವಂತ ಉಪಯೋಗದ ಕಾರಿನ ನೋಂದಣಿಗೆ 15 ವರ್ಷಗಳ ಆಯುಷ್ಯ. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ ಮುನ್ನ 60 ದಿನಗಳ ಒಳಗೆ 25ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕು. 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಿರಜಿನ ಆಸ್ಪತ್ರೆಗೆ, ಅಥಣಿಯ ಸಂತೆಗೆ, ನೆಂಟರ ಮದುವೆಗೆ ಹೋಗಿಬರುವ ಕಾರಾದರೆ ಸಾಮಾನ್ಯ ನವೀಕರಣವೇ ಬೇಕು.

ಮೋಟಾರು ವಾಹನ ನಿರೀಕ್ಷಕರು ನೋಡುವ ಹಲವು ಸಂಗತಿಗಳಲ್ಲಿ ಹೆಡ್‌ಲೈಟು ಒಂದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಈ ಬಗ್ಗೆ ಎರಡು ಮುಖ್ಯ ಸೂತ್ರಗಳಿವೆ. 105ನೆಯ ನಿಯಮದ ಪ್ರಕಾರ ಮುಂದಿನ ದೀಪದ ಬಿಳಿಯ ಬೆಳಕು 155 ಮೀಟರ್ ದೂರದಿಂದ ಕಾಣಬೇಕು. 106ನೆಯ ನಿಯಮದ ಪ್ರಕಾರ ಅದೇ ಬೆಳಕು ಎದುರಿನವರ ಕಣ್ಣು ಕುಕ್ಕಬಾರದು. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣು ಇಟ್ಟ ವ್ಯಕ್ತಿಗೆ ಡಿಪ್ ಮಾಡಿದ ಬೆಳಕು ಕುಕ್ಕದಂತೆ ಇರಬೇಕು. ಬೆಳಕು ಸಾಕಷ್ಟು ಇರಬೇಕು, ಅದು ಬೀಳಬೇಕಾದ ಜಾಗದಲ್ಲಿ ಬೀಳಬೇಕು. ಇಷ್ಟೇ ಇದರ ಸಾರ.

ಗಾಡಿಯ ದೀಪ ಮಂದವಾಯಿತೆಂದರೆ ನಾವು ಸಾಮಾನ್ಯವಾಗಿ ಮಾಡುವುದೇನು? ಅಂಗಡಿಗೆ ಹೋಗಿ ಇನ್ನೂ ಹೆಚ್ಚು ವ್ಯಾಟಿನ ಬಲ್ಬು ತರುತ್ತೇವೆ. ಇಂದಿನ ನನ್ನ ಮಾತಿನ ತಿರುಳು ಇರುವುದು ಇಲ್ಲಿಯೇ. ಹಳೆಯ ಕಾರಿನಲ್ಲಿ ಕೊರತೆ ಬಲ್ಬಿನಲ್ಲಿರುವುದಕ್ಕಿಂತ ಬಲ್ಬಿಗೆ ಕರೆಂಟು ಹೋಗುವ ಮತ್ತು ಅಲ್ಲಿಂದ ಮರಳಿ ಬರುವ ದಾರಿಯಲ್ಲಿರುವುದೇ ಹೆಚ್ಚು. ದಾರಿ ಸರಿಪಡಿಸದೆ ಬಲ್ಬು ದೊಡ್ಡದು ಮಾಡಿದರೆ ಮೊದಲು ಸ್ವಿಚ್ಚು ಸುಡುತ್ತದೆ, ಆಮೇಲೆ ವೈರು.

ಇದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಕೃಷ್ಣೆಯ ದಂಡೆಯ ಪಂಪ್‌ಸೆಟ್ಟಿಗೆ ದೂರದ ಕಂಬದಿಂದ ಸಣ್ಣ ಕೇಬಲ್ ಎಳೆದರೆ ಏನಾಗುತ್ತದೆ? ಕಂಬದಲ್ಲಿ ವೋಲ್ಟೇಜ್ ಇರುತ್ತದೆ, ಮೋಟಾರಿಗೆ ತಲುಪುವುದಿಲ್ಲ. ಮೋಟಾರು ಗುಂಯ್‌ಗುಡುತ್ತದೆ, ನೀರು ಏರುವುದಿಲ್ಲ. ಕಾರಿನಲ್ಲಿಯೂ ಇದೇ ಕಥೆ. 60 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಒಟ್ಟು 10 ಆಂಪಿಯರ್ ಕರೆಂಟು ಎಳೆಯುತ್ತವೆ. ದಾರಿಯಲ್ಲಿ ಎಲ್ಲ ಜೋಡಣೆಗಳೂ ಸೇರಿ ಬರೀ 0.15 ಓಮ್ ರೋಧ ಒಡ್ಡಿದರೂ ಒಂದೂವರೆ ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಬಲ್ಬಿಗೆ ಸಿಗುವುದು ಹತ್ತೂವರೆ ವೋಲ್ಟ್.

ಎಂಟರಲ್ಲಿ ಒಂದು ಪಾಲು ವೋಲ್ಟೇಜ್ ಹೋದರೆ ಎಂಟರಲ್ಲಿ ಒಂದು ಪಾಲು ಬೆಳಕು ತಾನೇ ಹೋಗುವುದು ಎಂದು ನೀವು ಕೇಳಬಹುದು. ಹಾಗಲ್ಲ. ಫಿಲಮೆಂಟಿನ ಬಲ್ಬಿನಲ್ಲಿ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಲೆಕ್ಕ ಹಾಕಿದರೆ ಹತ್ತೂವರೆ ವೋಲ್ಟಿನಲ್ಲಿ ಉಳಿಯುವ ಬೆಳಕು ನೂರಕ್ಕೆ 64ರಷ್ಟು ಮಾತ್ರ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಕು ಹೋಯಿತು. ಉಳಿದದ್ದೂ ಹಳದಿಗೆ ತಿರುಗುತ್ತದೆ. ಸ್ಟುಡಿಯೋಗಳಲ್ಲಿ ಫಿಲಮೆಂಟಿನ ದೀಪಗಳೇ ಇದ್ದ ಕಾಲದಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೆ ಸಾಕು, ಮಾತನಾಡುವವರ ಮುಖ ಕ್ಯಾಮೆರಾದಲ್ಲಿ ಹಳದಿಯಾಗಿ ಕಾಣುತ್ತಿದ್ದುದನ್ನು ದೂರದರ್ಶನದ ನಾವೆಲ್ಲ ನೋಡಿದ್ದೇವೆ. ನಿಮ್ಮ ಕಾರಿನ ಹೆಡ್‌ಲೈಟು ಬಿಳಿಯಾಗಿರದೆ ಅರಿಸಿನದ ಬಣ್ಣಕ್ಕೆ ತಿರುಗಿದ್ದರೆ ಅದು ವೋಲ್ಟೇಜ್ ತಲುಪುತ್ತಿಲ್ಲ ಎಂಬುದರ ಗುರುತು.

ಈಗ ರಸ್ತೆಗೆ ಬನ್ನಿ. ಬೆಳಕು ನೂರಕ್ಕೆ 64ಕ್ಕೆ ಇಳಿದರೆ ವಸ್ತು ಕಾಣುವ ದೂರ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. 50 ಮೀಟರ್ ದೂರದಲ್ಲಿ ಕಾಣಬೇಕಾದ ಕಬ್ಬಿನ ಚಕ್ಕಡಿ 40 ಮೀಟರ್ ಹತ್ತಿರ ಬಂದಾಗ ಕಾಣುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಕ್ಕಡಿ ಕಂಡು ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದು ಸೆಕೆಂಡು, ಅನಂತರ ಒಳ್ಳೆಯ ಬ್ರೇಕಿದ್ದರೆ ನಿಲ್ಲುವುದಕ್ಕೆ ಇನ್ನೂ 23 ಮೀಟರ್. ಒಟ್ಟು 40 ಮೀಟರ್. ಹಳೆಯ ಡ್ರಮ್ ಬ್ರೇಕಿಗೆ ಇನ್ನಷ್ಟು ಬೇಕು. ಅಂದರೆ ತುಕ್ಕು ಹಿಡಿದ ಒಂದು ಜೋಡಣೆ ನುಂಗಿದ ಆ ಹತ್ತು ಮೀಟರೇ ಎತ್ತು, ಗಾಡಿ ಹೊಡೆಯುವವನು ಮತ್ತು ನಿಮ್ಮ ನಡುವೆ ಉಳಿದಿದ್ದ ಅಂತರ. ಕಬ್ಬಿನ ಹಂಗಾಮಿನಲ್ಲಿ ಉಗಾರದ ಕಡೆಗೆ, ಕೆಂಪವಾಡದ ಕಡೆಗೆ ರಾತ್ರಿ ಸಾಲುಗಟ್ಟಿ ಹೋಗುವ ಗಾಡಿಗಳನ್ನು ನೋಡಿದವರಿಗೆ ಇದು ಬರೀ ಲೆಕ್ಕವಲ್ಲ. ಕಚೇರಿಯ ತಪಾಸಣೆ ಹಗಲಿನಲ್ಲಿ ನಡೆಯುತ್ತದೆ. ನಿಜವಾದ ತಪಾಸಣೆ ಈ ರಸ್ತೆಯಲ್ಲಿ, ಕತ್ತಲಲ್ಲಿ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ತಪಾಸಣೆಯ ದಿನಕ್ಕೆ ಕನಿಷ್ಠ ಎರಡು ವಾರ ಮೊದಲು ಆರಂಭಿಸಿ. ಹಳೆಯ ಗಾಡಿಯ ಒಂದು ಹೋಲ್ಡರೋ ರಿಫ್ಲೆಕ್ಟರೋ ಬೇಕಾದರೆ ಮಿರಜ್, ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಎಂದು ನಾಲ್ಕು ಊರು ತಿರುಗಬೇಕಾದೀತು. ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಸಾದಾ ಮಲ್ಟಿಮೀಟರ್, ಸ್ಕ್ರೂಡ್ರೈವರ್, ನಯವಾದ ಉಜ್ಜುಕಾಗದ, ಎರಡು ಮೀಟರ್ ದಪ್ಪ ವೈರು, ಸ್ವಲ್ಪ ವ್ಯಾಸಲೀನ್. ಬ್ಯಾಟರಿಯ ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ ಬೇಡ, ಅದರಿಂದ ಹೊರಡುವ ಹೈಡ್ರೋಜನ್ ಅನಿಲ ಸಿಡಿಯಬಲ್ಲದು. ವೈರು ಬಿಚ್ಚುವ ಮುನ್ನ ಬ್ಯಾಟರಿಯಿಂದ ಗಾಡಿಯ ಮೈಗೆ ಕೂಡಿಸಿದ ತುದಿಯನ್ನು ಕಳಚಿಡಿ. ಸಾಮಾನ್ಯವಾಗಿ ಅದು ಮೈನಸ್ ತುದಿ. ಕೆಲವು ಹಳೆಯ ಇಂಗ್ಲಿಷ್ ಪದ್ಧತಿಯ ಗಾಡಿಗಳಲ್ಲಿ ಪ್ಲಸ್ ತುದಿಯೇ ಮೈಗೆ ಕೂಡಿರುತ್ತದೆ, ನೋಡಿಕೊಳ್ಳಿ. ಹಳೆಯ ಜೀಪುಗಳಲ್ಲಿ ಕೆಲವಕ್ಕೆ 12ರ ಬದಲು 6 ವೋಲ್ಟಿನ ವ್ಯವಸ್ಥೆ. ಬಲ್ಬು ಕೊಳ್ಳುವ ಮುನ್ನ ಅದನ್ನೂ ಖಚಿತಪಡಿಸಿಕೊಳ್ಳಿ.

ಮೊದಲು ಕಣ್ಣಿನಿಂದಲೇ ರೋಗ ಗುರುತಿಸಬಹುದು. ಸಂಜೆ ಗಾಡಿಯನ್ನು ಗೋಡೆಯ ಎದುರು ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ ದೀಪ ಹಾಕಿ. ಒಂದೇ ದೀಪ ಮಂದವಾಗಿದ್ದರೆ ದೋಷ ಆ ಬದಿಯ ಬಲ್ಬು, ಹೋಲ್ಡರು ಅಥವಾ ಅರ್ಥಿಂಗಿನಲ್ಲಿದೆ. ಎಡದ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿ ನೋಡಿ. ಮಂದತನ ಬಲ್ಬಿನ ಜೊತೆ ಹೋದರೆ ಬಲ್ಬು ಹಳತು, ಇದ್ದಲ್ಲಿಯೇ ಉಳಿದರೆ ದಾರಿಯ ದೋಷ. ಎರಡೂ ದೀಪ ಮಂದವಾಗಿದ್ದರೆ ಎರಡಕ್ಕೂ ಸಮಾನವಾದ ದಾರಿ ಹುಡುಕಿ: ಬ್ಯಾಟರಿಯ ತುದಿ, ಮುಖ್ಯ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು, ಫ್ಯೂಸ್ ಪೆಟ್ಟಿಗೆ. ಡಿಪ್ ಉರಿದು ಹೈಬೀಮ್ ಉರಿಯದಿದ್ದರೆ, ಎರಡೂ ಬದಿಯಲ್ಲಿ ಹಾಗೆಯೇ ಆದರೆ, ಡಿಪ್ಪರ್ ಸ್ವಿಚ್ಚು ಅಥವಾ ಹೈಬೀಮಿನ ಫ್ಯೂಸನ್ನು ಶಂಕಿಸಿ. ಎಕ್ಸಲೇಟರ್ ಒತ್ತಿದಾಗ ಬೆಳಕು ಏರಿ, ಬಿಟ್ಟಾಗ ಇಳಿದರೆ ಚಾರ್ಜಿಂಗ್ ಕಡೆ ನೋಡಿ. ಡೈನಮೋ ಇರುವ ಹಳೆಯ ಗಾಡಿಗಳಲ್ಲಿ ನಿಧಾನ ಓಟದಲ್ಲಿ ಸ್ವಲ್ಪ ಇಳಿಯುವುದು ಸಹಜ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಅದು ಸಹಜವಲ್ಲ, ಬೆಲ್ಟಿನ ಬಿಗಿ ಪರೀಕ್ಷಿಸಬೇಕು.

ಇನ್ನೊಂದು ವಿಚಿತ್ರ ಲಕ್ಷಣವಿದೆ. ಹೆಡ್‌ಲೈಟು ಹಾಕಿದಾಗ ಅದೇ ಬದಿಯ ಇಂಡಿಕೇಟರೋ ಪಾರ್ಕಿಂಗ್ ದೀಪವೋ ತಾನಾಗಿಯೇ ಮಿಣುಕುತ್ತದೆ. ಇದು ದೆವ್ವದ ಆಟವಲ್ಲ. ಬಲ್ಬಿಗೆ ಹೋದ ಕರೆಂಟು ಗಾಡಿಯ ಮೈ ಮೂಲಕ ಬ್ಯಾಟರಿಗೆ ಮರಳಬೇಕು. ಆ ಮರಳುವ ದಾರಿ ತುಕ್ಕಿನಿಂದ ಮುಚ್ಚಿಹೋದರೆ ಕರೆಂಟು ಪಕ್ಕದ ದೀಪದ ಫಿಲಮೆಂಟಿನ ಮೂಲಕ ನುಸುಳಿ ಹೊರದಾರಿ ಹುಡುಕುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹೆಡ್‌ಲೈಟಿನ ಬುಡದಲ್ಲಿ, ಫೆಂಡರಿಗೆ ಸ್ಕ್ರೂ ಹಾಕಿ ಕೂಡಿಸಿದ ಆ ಕಪ್ಪು ವೈರಿನ ತುದಿಯಲ್ಲಿಯೇ ದೋಷ ಕುಳಿತಿರುತ್ತದೆ. ಮಳೆಗಾಲದ ಕೆಸರು ಮೊದಲು ಸಿಡಿಯುವುದೂ ಅಲ್ಲಿಗೇ. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯಾದರೆ ಸ್ಕ್ರೂವಿನ ಕೆಳಗೆ ಬಣ್ಣದ ಪದರವೇ ಅಡ್ಡಬಂದಿರಬಹುದು.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ದೀಪ ಉರಿಯುತ್ತಿರುವಾಗ ದಪ್ಪ ವೈರಿನ ಒಂದು ತುದಿಯನ್ನು ಬಲ್ಬಿನ ಅರ್ಥಿಂಗ್ ತುದಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ತುದಿಗೆ ಹಿಡಿಯಿರಿ. ಬೆಳಕು ಥಟ್ಟನೆ ಏರಿದರೆ ಕಳ್ಳ ಸಿಕ್ಕ. ಸ್ಕ್ರೂ ಬಿಚ್ಚಿ, ತಗಡನ್ನು ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಯನ್ನೂ ಉಜ್ಜಿ, ಬಿಗಿದು ಮೇಲೆ ವ್ಯಾಸಲೀನ್ ಸವರಿ. ಖರ್ಚು ಹೆಚ್ಚೆಂದರೆ ಒಂದು ಚಹಾದಷ್ಟು.

ಮೀಟರಿನಿಂದ ಅಳೆಯುವವರು ಒಂದು ವಿಷಯ ನೆನಪಿಡಬೇಕು. ಬಲ್ಬು ಕಳಚಿ ಹೋಲ್ಡರಿನಲ್ಲಿ ಅಳೆದರೆ ಕೆಟ್ಟ ಜೋಡಣೆಯಲ್ಲಿಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಕರೆಂಟು ಹರಿಯದಿದ್ದರೆ ರೋಧದಲ್ಲಿ ನಷ್ಟವೂ ಇರುವುದಿಲ್ಲ. ಆದ್ದರಿಂದ ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು. ಬ್ಯಾಟರಿಯ ಪ್ಲಸ್ ತುದಿಯಿಂದ ಬಲ್ಬಿನ ಕರೆಂಟ್ ತುದಿಯವರೆಗೆ ಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಬಲ್ಬಿನ ಅರ್ಥಿಂಗ್ ತುದಿಯಿಂದ ಬ್ಯಾಟರಿಯ ಮೈನಸ್ ತುದಿಯವರೆಗೆ 0.2 ವೋಲ್ಟಿಗಿಂತ ಕಡಿಮೆ. ಅದಕ್ಕಿಂತ ಹೆಚ್ಚಿದ್ದರೆ ಒಂದೊಂದೇ ಜೋಡಣೆ ದಾಟುತ್ತಾ ಬನ್ನಿ. ಅಂಕಿ ಎಲ್ಲಿ ಥಟ್ಟನೆ ಬದಲಾಗುತ್ತದೆಯೋ ಅಲ್ಲಿ ದೋಷ. ಹಳೆಯ ಫಿಯಟ್ ಬಗೆಯ ಕಾರುಗಳಲ್ಲಿ ಪಿಂಗಾಣಿ ಮೈಯ ಫ್ಯೂಸುಗಳ ಎರಡೂ ತುದಿಗೆ ಕಿಲುಬು ಕಟ್ಟಿರುತ್ತದೆ. ಫ್ಯೂಸು ಸುಟ್ಟಿಲ್ಲ ಎಂದು ಬಿಟ್ಟುಬಿಡದೆ ತಿರುಗಿಸಿ, ಉಜ್ಜಿ ಕೂಡಿಸಿ. ಶೆಡ್ಡಿನಲ್ಲಿ ಬಹುಕಾಲ ನಿಂತ ಗಾಡಿಯಾದರೆ ಇಲಿ ಕಡಿದ ವೈರನ್ನೂ ಹುಡುಕಿ. ಪಕ್ಕದಲ್ಲಿಯೇ ಕಬ್ಬಿನ ರವದಿ, ಜೋಳದ ಚೀಲ ಇರುವ ಶೆಡ್ಡಿನಲ್ಲಿ ಇಲಿಗಳಿಗೆ ಕೊರತೆಯಿಲ್ಲ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸು ಹಾಕುವುದಾಗಲಿ ತಂತಿ ಸುತ್ತುವುದಾಗಲಿ ಬೇಡವೇ ಬೇಡ. ಫ್ಯೂಸು ಸುಡದಿದ್ದರೆ ಗಾಡಿಯೇ ಸುಡುತ್ತದೆ.

ಅನೇಕ ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಹತ್ತು ನಿಮಿಷ ದೀಪ ಉರಿಸಿ ಸ್ವಿಚ್ಚಿಗೆ ಕೈ ತಾಗಿಸಿ. ಬಿಸಿಯಾಗಿದ್ದರೆ ಒಳಗಿನ ಸಂಪರ್ಕ ಸವೆದಿದೆ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಎರಡು ರಿಲೇ ಹಾಕಿಸುವುದು, ಡಿಪ್ಪಿಗೊಂದು, ಹೈಬೀಮಿಗೊಂದು. ಆಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯನ್ನು ಎಬ್ಬಿಸುವಷ್ಟು ಸಣ್ಣ ಕರೆಂಟು. ಬಲ್ಬಿಗೆ ಬೇಕಾದದ್ದು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸು ದಾಟಿ, ನೇರವಾಗಿ ಹೋಗುತ್ತದೆ. ಅನುಭವವುಳ್ಳ ಮಿಸ್ತ್ರಿಗೆ ಇದು ಅರ್ಧ ದಿನದ ಕೆಲಸ.

ದಾರಿ ಸರಿಯಾದ ಮೇಲೂ ಬೆಳಕು ಸಾಲದಿದ್ದರೆ ರಿಫ್ಲೆಕ್ಟರ್ ನೋಡಿ. ಬಲ್ಬಿನ ಹಿಂದಿನ ಆ ಬೆಳ್ಳಿಯಂಥ ಬಟ್ಟಲು ಕಪ್ಪಾಗಿದ್ದರೆ, ಮಳೆನೀರು ಹೊಕ್ಕು ಸುಲಿದಿದ್ದರೆ, ಯಾವ ಬಲ್ಬು ಹಾಕಿಯೂ ಪ್ರಯೋಜನವಿಲ್ಲ. ಅದನ್ನು ಬಟ್ಟೆಯಿಂದ ಒರೆಸಬೇಡಿ, ಉಳಿದ ಲೇಪವೂ ಕಿತ್ತು ಬರುತ್ತದೆ. ಬದಲಿಸುವುದೇ ಸರಿ. ಗಾಜಿನ ಸುತ್ತಲಿನ ರಬ್ಬರ್ ಹರಿದಿದ್ದರೆ ಅದನ್ನೂ ಬದಲಿಸಿ.

ಇನ್ನು ಬಲ್ಬಿನ ಮಾತು. ಹಳೆಯ ಪದ್ಧತಿಯ ಬಲ್ಬು 45/40 ವ್ಯಾಟಿನದು. ಯುರೋಪಿನಲ್ಲಿ 1962ರಲ್ಲಿ ಮೊದಲ ಹ್ಯಾಲೊಜನ್ ಹೆಡ್‌ಲೈಟ್ ಬಲ್ಬು ಬಂತು, 1971ರಲ್ಲಿ ಎರಡು ಫಿಲಮೆಂಟಿನ ಎಚ್-4, ಅದು 60/55 ವ್ಯಾಟಿನದು. ಎರಡರಲ್ಲಿಯೂ ಡಿಪ್ ಫಿಲಮೆಂಟಿನ ಕೆಳಗೆ ಒಂದು ಸಣ್ಣ ಲೋಹದ ತೊಟ್ಟಿಲಿದೆ. ಫಿಲಮೆಂಟಿನ ಬೆಳಕು ಬಟ್ಟಲಿನ ಕೆಳಭಾಗಕ್ಕೆ ಬೀಳದಂತೆ ಅದು ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದ ಬೆಳಕು ಮಾತ್ರ ತಿರುಗಿ ರಸ್ತೆಗೆ ಇಳಿಯುತ್ತದೆ. ಮಿಲಿಮೀಟರಿನ ಲೆಕ್ಕದ ಕೆಲಸವಿದು. ಇದೇ ಬಟ್ಟಲಿನಲ್ಲಿ ಅಗ್ಗದ ಎಲ್‌ಇಡಿ ಬಲ್ಬು ಕೂರಿಸಿದರೆ ಬೆಳಕು ಹುಟ್ಟುವ ಜಾಗವೇ ಬೇರೆಯಾಗಿ ಕಿರಣಗಳು ದಿಕ್ಕಾಪಾಲಾಗಿ ಚೆಲ್ಲುತ್ತವೆ. ಒಳಗೆ ಕುಳಿತವರಿಗೆ ಪ್ರಕಾಶಮಾನವಾಗಿ ಕಂಡೀತು, ಎದುರಿನಿಂದ ಬರುವವರಿಗೆ ಕಣ್ಣು ಕತ್ತಲಾಗುತ್ತದೆ. ಕುಕ್ಕಿದ ಕಣ್ಣು ಸುಧಾರಿಸಿಕೊಳ್ಳಲು ಮೂರು ಸೆಕೆಂಡು ಹಿಡಿದರೂ 60 ಕಿಲೋಮೀಟರ್ ವೇಗದ ಗಾಡಿ 50 ಮೀಟರ್ ಕುರುಡಾಗಿ ಓಡಿರುತ್ತದೆ. 100/90 ವ್ಯಾಟಿನ ಬಲ್ಬುಗಳ ಜೋಡಿ ಹೈಬೀಮಿನಲ್ಲಿ ಸುಮಾರು 17 ಆಂಪಿಯರ್ ಎಳೆಯುತ್ತದೆ. ಹಳೆಯ ವೈರು ಅದನ್ನು ತಾಳುವುದಿಲ್ಲ. ನಿಮ್ಮ ದೀಪಕ್ಕೆ ನಿಗದಿಯಾದ ಬಲ್ಬನ್ನೇ ಹಾಕಿ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬೇಡಿ, ಬೆರಳಿನ ಜಿಡ್ಡು ತಗುಲಿದಲ್ಲಿ ಗಾಜು ಬೇಗ ಕೆಡುತ್ತದೆ.

ಕೊನೆಯ ಕೆಲಸ ದಿಕ್ಕು ಹೊಂದಿಸುವುದು. ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಚಾಲಕನ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟಾದ ನೆಲದ ಮೇಲೆ ಗೋಡೆಗೆ ಮುಖಮಾಡಿ 8 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ದೀಪದ ಗಾಜಿನ ನಡುಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಳೆದು ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಅಡ್ಡಗೆರೆ ಎಳೆಯಿರಿ. ಅದರ ಕೆಳಗೆ 8ರಿಂದ 12 ಸೆಂಟಿಮೀಟರ್ ಅಂತರದಲ್ಲಿ ಇನ್ನೊಂದು ಗೆರೆ. ಡಿಪ್ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಯ ಹತ್ತಿರ ಇರಬೇಕು. ಒಂದು ದೀಪಕ್ಕೆ ಬಟ್ಟೆ ಮುಚ್ಚಿ, ಇನ್ನೊಂದರ ಚೌಕಟ್ಟಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೊಂದಿಸಿ. ಬೆಳಕಿನ ಅಂಚು ಒಂದು ಬದಿಗೆ ಮೇಲೇರುವ ಬಗೆಯ ಗಾಜಾಗಿದ್ದರೆ ಅದು ಎಡಕ್ಕೆ ಏರಬೇಕು, ನಾವು ಎಡದಲ್ಲಿ ಓಡಿಸುವವರು. ಬಲಕ್ಕೆ ಏರುತ್ತಿದ್ದರೆ ಅದು ಬೇರೆ ದೇಶದ ರಸ್ತೆಗೆ ಮಾಡಿದ ಗಾಜು, ಬದಲಿಸಿ. ಯಂತ್ರದಿಂದಲೇ ತಪಾಸಣೆ ನಡೆಸುವ ಕೇಂದ್ರಗಳಿಗೆ 2021ರಲ್ಲಿ ನಿಯಮಗಳು ಬಂದಿವೆ. ಅಂಥಲ್ಲಿ ದೀಪದ ತೀವ್ರತೆಯನ್ನೂ ದಿಕ್ಕನ್ನೂ ಯಂತ್ರವೇ ಅಳೆಯುತ್ತದೆ. ಅದರ ಮುಂದೆ ಮಾತಿನ ಸಮಜಾಯಿಷಿ ನಡೆಯುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಎಲ್ಲವನ್ನೂ ನೋಡಿ: ಡಿಪ್, ಹೈಬೀಮ್, ಪಾರ್ಕಿಂಗ್, ನಾಲ್ಕು ಇಂಡಿಕೇಟರ್, ಬ್ರೇಕ್ ದೀಪ, ನಂಬರ್ ಪ್ಲೇಟಿನ ದೀಪ. ಗಾಜುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಹೆಚ್ಚಿನ ಬಲ್ಬು, ಎರಡು ಫ್ಯೂಸು ಜೊತೆಗಿರಲಿ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಹಳೆಯ ಕಾರಿನ ಜೊತೆಗೆ ಟ್ರ್ಯಾಕ್ಟರ್ ಟ್ರೇಲರೂ ಚಕ್ಕಡಿಯೂ ಇರುತ್ತವೆ. ಅವುಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ, ಹೇರಿದ ಕಬ್ಬು ಅದನ್ನು ಮುಚ್ಚಿಲ್ಲವೇ ಎಂದು ಅದೇ ಸಂಜೆ ನೋಡಿಬಿಡಿ. ಕಾರಿನ ದೀಪ ಎಷ್ಟೇ ಚೆನ್ನಾಗಿದ್ದರೂ ಬೆಳಕನ್ನು ಮರಳಿ ಕಳಿಸುವ ವಸ್ತು ಎದುರಿಗೆ ಇಲ್ಲದಿದ್ದರೆ ಕತ್ತಲು ಕತ್ತಲೇ. ಕೆಎ-23 ಆಗಲಿ, ಗಡಿಯಾಚೆಯ ಎಂಎಚ್-10 ಆಗಲಿ, ರಾತ್ರಿಯ ರಸ್ತೆಯಲ್ಲಿ ಎದುರು ಬರುವವರ ಕಣ್ಣು ನಮ್ಮ ಕಣ್ಣಿನಂತೆಯೇ. ನಿಮ್ಮ ಗಾಡಿ ತಪಾಸಣೆಯಲ್ಲಿ ತೇರ್ಗಡೆಯಾಗಲಿ, ನಿಮ್ಮ ಪ್ರಯಾಣ ಸುಖಕರವಾಗಲಿ.